ಸಂಸತ್ತು ದುಡ್ಡು ನಿಲ್ಲಿಸಿದರೆ ಯುದ್ಧ ನಿಲ್ಲುತ್ತದೆಯೇ?

ನೀವು ಕೇಳಿದ್ದು ಇಷ್ಟು: ಜನರಿಗೆ ಬೇಡವಾದ ಯುದ್ಧವನ್ನು ಅಮೆರಿಕದ ಅಧ್ಯಕ್ಷರು ಇನ್ನಷ್ಟು ಜೋರು ಮಾಡಿದರೆ, ಅಲ್ಲಿನ ಸಂಸತ್ತು ಬರೀ ಭಾಷಣ ಮಾಡುವ ಬದಲು ದುಡ್ಡು ನಿಲ್ಲಿಸಿಬಿಡಬಹುದಲ್ವಾ?

ನಿಲ್ಲಿಸಬಹುದು. ನಿಲ್ಲಿಸಿದ್ದೂ ಇದೆ. ಆದರೆ ಅದಕ್ಕೆ ಎಷ್ಟು ಕಾಲ ಹಿಡಿಯಿತು ನೋಡಿ. ನಾನು ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ತರಗತಿಯಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಕಾಂಬೋಡಿಯಾದ ವಿಷಯ ಹೇಳುತ್ತೇನೆ.

1970ರ ಏಪ್ರಿಲ್ 20ರಂದು ಆಗಿನ ಅಧ್ಯಕ್ಷ ನಿಕ್ಸನ್, ಅಮೆರಿಕ ಯುದ್ಧ ಮಾಡುತ್ತಿದ್ದ ವಿಯೆಟ್ನಾಂನಿಂದ ಇನ್ನೂ ಒಂದೂವರೆ ಲಕ್ಷ ಸೈನಿಕರನ್ನು ವಾಪಸ್ ಕರೆಸುತ್ತೇನೆ ಎಂದರು. ಜನ ಉಸಿರು ಬಿಟ್ಟರು. ಹತ್ತೇ ದಿನ ಕಳೆದಿತ್ತು. ಏಪ್ರಿಲ್ 30ರ ರಾತ್ರಿ ಟಿವಿಯಲ್ಲಿ ಭೂಪಟ ತೋರಿಸುತ್ತಾ, ಸೇನೆ ಪಕ್ಕದ ಕಾಂಬೋಡಿಯಾದೊಳಗೆ ಹೋಗುತ್ತಿದೆ ಎಂದರು. ಇದು ಆಕ್ರಮಣ ಅಲ್ಲ ಎಂದೂ ಸೇರಿಸಿದರು. ಕಾಲೇಜುಗಳಲ್ಲಿ ಸಿಟ್ಟು ಭುಗಿಲೆದ್ದಿತು. ಮೇ 4ರಂದು ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಪಡೆ 13 ಸೆಕೆಂಡ್ ಗುಂಡು ಹಾರಿಸಿತು. ನಾಲ್ವರು ವಿದ್ಯಾರ್ಥಿಗಳು ಸತ್ತರು. ನನ್ನೆದುರು ಬೆಂಚಿನಲ್ಲಿ ಕೂರುವ ಮಕ್ಕಳಿಗಿಂತ ಎರಡು ಮೂರು ವರ್ಷ ದೊಡ್ಡವರು, ಅಷ್ಟೇ.

ಕಾಂಗ್ರೆಸ್ (ನಮ್ಮ ಪಕ್ಷ ಅಲ್ಲ, ಅಮೆರಿಕದ ಸಂಸತ್ತು) ಆಗ ಎಚ್ಚೆತ್ತುಕೊಂಡಿತು. ಆದರೆ ಅಧಿಕಾರ ಬಿಟ್ಟುಕೊಟ್ಟದ್ದೂ ಅದೇ. 1964ರ ಆಗಸ್ಟ್‌ನಲ್ಲಿ, ವಿಯೆಟ್ನಾಂ ಪಕ್ಕದ ಟೊಂಕಿನ್ ಕೊಲ್ಲಿಯಲ್ಲಿ ನಮ್ಮ ಹಡಗುಗಳ ಮೇಲೆ ಎರಡು ಸಲ ದಾಳಿ ಆಗಿದೆ ಎಂದು ಅಧ್ಯಕ್ಷ ಜಾನ್ಸನ್ ಹೇಳಿದಾಗ, ಕೇಳಿದ ಎರಡೇ ದಿನದಲ್ಲಿ 'ಬೇಕಾದ್ದು ಮಾಡಿ' ಎಂದು ಬರೆದುಕೊಟ್ಟಿತ್ತು. ಕೆಳಮನೆಯಲ್ಲಿ ಪರವಾಗಿ 416 ಮತ, ವಿರುದ್ಧ ಒಂದೂ ಇಲ್ಲ. ಮೇಲ್ಮನೆಯಾದ ಸೆನೆಟ್‌ನಲ್ಲಿ ಬೇಡ ಎಂದವರು ಇಬ್ಬರೇ, ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಎರಡನೇ ದಾಳಿ ನಡೆದೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಆ ನಿರ್ಣಯವನ್ನು ರದ್ದು ಮಾಡಿ ಮುಗಿಸುವ ಹೊತ್ತಿಗೆ 1971ರ ಜನವರಿ ಬಂದಿತ್ತು.

ದುಡ್ಡಿನ ದಾರಿ ಹಿಡಿದವರು ಸೆನೆಟ್ ಸದಸ್ಯರಾದ ಜಾನ್ ಶೆರ್ಮನ್ ಕೂಪರ್ ಮತ್ತು ಫ್ರ್ಯಾಂಕ್ ಚರ್ಚ್. ಕೂಪರ್ ನಿಕ್ಸನ್ ಅವರದ್ದೇ ಪಕ್ಷದವರು. ಹಿಂದೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು. ಕಾಂಬೋಡಿಯಾದಲ್ಲಿ ಸೇನೆ ಇಡಲು ಜುಲೈನಿಂದ ಹಣ ಕೊಡಬಾರದು ಎಂಬುದು ಅವರ ತಿದ್ದುಪಡಿ. ವಾರಗಟ್ಟಲೆ ಚರ್ಚೆ ನಡೆದು, ಜೂನ್ 30ರಂದು ಸೆನೆಟ್ 58-37ರಲ್ಲಿ ಒಪ್ಪಿತು. ಸೇನೆ ಅಲ್ಲಿಂದ ಹೊರಟು ಮುಗಿದದ್ದೂ ಅಷ್ಟೊತ್ತಿಗೇ. ಕೆಳಮನೆ ಅದನ್ನೂ ಒಪ್ಪಲಿಲ್ಲ. ಕೊನೆಗೆ ಕಾಯಿದೆಯಾಗಿ ಬಂದದ್ದರಲ್ಲಿ ಕಾಲಾಳುಗಳು ಹೋಗಬಾರದು ಎಂದಿತ್ತು. ವಿಮಾನಗಳಿಗೆ ತಡೆ ಇರಲಿಲ್ಲ. ಬಾಂಬ್ ಬೀಳುತ್ತಲೇ ಇದ್ದವು.

ಯಾಕಿಷ್ಟು ಹಿಂಜರಿಕೆ? ನಮ್ಮ ಲೋಕಸಭೆಯಲ್ಲಿ ಬಜೆಟ್ ಸೋತರೆ ಸರ್ಕಾರವೇ ಬೀಳುತ್ತದೆ. ಅಲ್ಲಿ ಅಧ್ಯಕ್ಷರು ಬೀಳುವುದಿಲ್ಲ. ಮಸೂದೆಗೆ ಸಹಿ ಹಾಕದೆ ತಿರಸ್ಕರಿಸುತ್ತಾರೆ, ಅಂದರೆ ವೀಟೋ ಹಾಕುತ್ತಾರೆ, ಅದನ್ನು ದಾಟಲು ಎರಡೂ ಮನೆಗಳಲ್ಲಿ ಮೂರನೇ ಎರಡು ಭಾಗ ಮತ ಬೇಕು. ಇನ್ನೊಂದು ಭಯ ಇದಕ್ಕಿಂತ ಜಾಸ್ತಿ. 'ಯುದ್ಧದಲ್ಲಿರುವ ನಮ್ಮ ಹುಡುಗರಿಗೆ ದುಡ್ಡು ಬೇಡ ಅಂದವರು ನೀವೇ ಅಲ್ವಾ' ಎಂದು ಮುಂದಿನ ಚುನಾವಣೆಯಲ್ಲಿ ಯಾರಾದರೂ ಕೇಳಿದರೆ? 1970ರ ಸೆಪ್ಟೆಂಬರ್ 1ರಂದು ಸೆನೆಟ್ ಸದಸ್ಯ ಜಾರ್ಜ್ ಮೆಕ್‌ಗವರ್ನ್ ಇದೇ ಭಯವನ್ನು ಎದುರುಬದುರು ಎತ್ತಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದ್ದ ಮನುಷ್ಯ. 1971 ಮುಗಿಯುವುದರೊಳಗೆ ಎಲ್ಲರನ್ನೂ ಮನೆಗೆ ಕರೆಸಿ ಎಂಬ ತಿದ್ದುಪಡಿ ಅವರದ್ದು. ಈ ಸಭಾಂಗಣ ರಕ್ತದ ನಾತ ಹೊಡೆಯುತ್ತಿದೆ ಎಂದು ಸಹೋದ್ಯೋಗಿಗಳ ಮುಖಕ್ಕೇ ಹೇಳಿದರು. ಸಿಕ್ಕಿದ್ದು 39 ಮತ, ವಿರುದ್ಧ 55.

1973ರ ಹೊತ್ತಿಗೆ ವಿಯೆಟ್ನಾಂನಿಂದ ಸೇನೆ ವಾಪಸಾಗಿತ್ತು. ಕಾಂಬೋಡಿಯಾ ಮೇಲೆ ಬಾಂಬ್ ಮಾತ್ರ ನಿಂತಿರಲಿಲ್ಲ. ಜೂನ್‌ನಲ್ಲಿ ಎರಡೂ ಮನೆಗಳು ಅದಕ್ಕೆ ಹಣ ನಿಲ್ಲಿಸಿದವು. ನಿಕ್ಸನ್ ವೀಟೋ ಹಾಕಿದರು. ಮೂರನೇ ಎರಡು ಸಿಗಲಿಲ್ಲ. ಆಮೇಲೆ ರಾಜಿ ಆಯಿತು: ಆಗಸ್ಟ್ 15ರವರೆಗೆ ಬಾಂಬ್ ಹಾಕಬಹುದು, ಆಮೇಲೆ ಒಂದು ಪೈಸೆ ಇಲ್ಲ.

ಈ ಒಂದೂವರೆ ತಿಂಗಳ ರಾಜಿ ನನ್ನನ್ನು ಬಹಳ ಕಾಡುತ್ತದೆ. ಗಡುವಿಗೆ ಇನ್ನೊಂದು ವಾರವಷ್ಟೇ ಉಳಿದಿತ್ತು. ಮೆಕಾಂಗ್ ನದಿಯ ದಡದಲ್ಲಿ ನೆಯಾಕ್ ಲುವಾಂಗ್ ಎಂಬ ಪಟ್ಟಣ. ಅಮೆರಿಕದ ಪರ ಇದ್ದ ಊರೇ ಅದು. ಬಿ-52 ವಿಮಾನಗಳಿಗೆ ಗುರಿ ಲೆಕ್ಕ ಹಾಕಲು ಊರ ನಡುವೆ ರೇಡಿಯೋ ಸಂಕೇತದ ಯಂತ್ರ ಇಟ್ಟಿದ್ದರು. ಅದರಿಂದ ಇಷ್ಟು ದೂರಕ್ಕೆ ಬಾಂಬ್ ಹಾಕಬೇಕು ಎಂದು ಲೆಕ್ಕ. ವಿಮಾನದಲ್ಲಿದ್ದ ಒಬ್ಬ ಒಂದು ಸ್ವಿಚ್ ಒತ್ತಲು ಮರೆತ. ಬಾಂಬ್‌ಗಳೆಲ್ಲ ಆ ಯಂತ್ರದ ಮೇಲೇ, ಊರ ನಡುವೆಯೇ ಬಿದ್ದವು. 137 ಜನ ಸತ್ತರೆಂದು ಲೆಕ್ಕ.

ಆಗಸ್ಟ್ 15ಕ್ಕೆ ಬಾಂಬ್ ನಿಂತಿತು. 'ಬೇಕಾದ್ದು ಮಾಡಿ' ಎಂದು ಬರೆದುಕೊಟ್ಟು ಒಂಬತ್ತು ವರ್ಷ ದಾಟಿತ್ತು. ಅದೇ ನವೆಂಬರ್ 7ರಂದು ಯುದ್ಧಾಧಿಕಾರದ ಕಾಯಿದೆ ಬಂತು. ಸೇನೆಯನ್ನು ಕದನಕ್ಕೆ ಇಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ಸಂಸತ್ತಿಗೆ ತಿಳಿಸಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನದಲ್ಲಿ ನಿಲ್ಲಿಸಬೇಕು. ಅದಕ್ಕೂ ನಿಕ್ಸನ್ ವೀಟೋ ಹಾಕಿದ್ದರು. ಈ ಸಲ ಮೂರನೇ ಎರಡು ಸಿಕ್ಕಿತು. ಜೂನ್‌ನಲ್ಲೇ ಅಷ್ಟು ಮತ ಬಿದ್ದಿದ್ದರೆ ನೆಯಾಕ್ ಲುವಾಂಗ್‌ನ ಆ ಜನ ಉಳಿಯುತ್ತಿದ್ದರು.