ಒಂದೂಕಾಲು ಕಿಲೋ ಕೂಸನ್ನು ಬೇರೆ ಆಸ್ಪತ್ರೆಗೆ ಒಯ್ಯಬೇಕೇ?

ಪ್ರಶ್ನೆ: ನನ್ನ ತಂಗಿಗೆ ಏಳು ತಿಂಗಳು ತುಂಬಿದ ಸ್ವಲ್ಪ ದಿನಕ್ಕೇ ಹೆರಿಗೆಯಾಯಿತು. ಮಗುವಿನ ತೂಕ 1.25 ಕಿಲೋ. ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಇಟ್ಟು ಮೂರು ದಿನವಾಗಿದೆ. ಮಗು ತಾನೇ ಉಸಿರಾಡುತ್ತಿದೆ. ಅಲ್ಲಿ ತುಂಬಾ ಮಕ್ಕಳು ಸಾಯುತ್ತವೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಖಾಸಗಿ ಆಸ್ಪತ್ರೆಗೆ ಒಯ್ಯೋಣವೇ?

ಉತ್ತರ: ವೈದ್ಯರೇ ಹೇಳದ ಹೊರತು ಒಯ್ಯಬೇಡಿ. ಇಷ್ಟು ಚಿಕ್ಕ ಮಗುವಿನ ಮೈ ದಾರಿಯಲ್ಲಿ ಬೇಗ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ರಕ್ತದ ಸಕ್ಕರೆ ಇಳಿದು ಉಸಿರಾಟವೂ ಕೆಡುತ್ತದೆ. ಇಲ್ಲಿ ಸಿಗದ ಚಿಕಿತ್ಸೆ ಬೇಕಾದರೆ, ಉದಾಹರಣೆಗೆ ಶಸ್ತ್ರಚಿಕಿತ್ಸೆ, ಅವರೇ ಆಂಬುಲೆನ್ಸ್ ಹೊಂದಿಸಿ ಕಳುಹಿಸುತ್ತಾರೆ.

ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ಅಳೆಯುವ ಬಗೆ ತಪ್ಪು. 2020ರ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 20 ಮಕ್ಕಳು ಒಂದು ತಿಂಗಳ ವಯಸ್ಸು ತುಂಬುವ ಮೊದಲೇ ತೀರಿಕೊಂಡವು. ತೀವ್ರ ನಿಗಾ ಘಟಕಕ್ಕೆ ಬರುವುದು ಕಾಯಿಲೆಯ ಮಕ್ಕಳು ಮಾತ್ರ. ಹೀಗಾಗಿ ಅಲ್ಲಿನ ಸಾವಿನ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚಿರುವುದು ಸಹಜ. ದಿನ ತುಂಬದ ಮಗುವಿನ ಶ್ವಾಸಕೋಶ ಬಲಿತಿರುವುದಿಲ್ಲ. ಹೆರಿಗೆಯಲ್ಲಿ ಉಸಿರುಗಟ್ಟಿದ ಮಕ್ಕಳು, ಹುಟ್ಟಿನಿಂದಲೇ ಹೃದಯದ ದೋಷವಿರುವ ಮಕ್ಕಳು ಕೂಡ ಅಲ್ಲಿಗೇ ಬರುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ನಂಜು, ಅಂದರೆ ರೋಗಾಣುಗಳಿಂದ ಮೈಯೆಲ್ಲ ಹರಡುವ ಸೋಂಕು, ಏಕೆಂದರೆ ಅದರಲ್ಲಿ ಬಹುಪಾಲನ್ನು ನಾವು ತಡೆಯಬಹುದು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ಶಿಶು ಘಟಕಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಂಜಿಗೆ ಮುಖ್ಯ ಕಾರಣವಾದ ಅಸಿನೆಟೊಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ ರೋಗಾಣುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಲವು ಬಗೆಯ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗುತ್ತಿರಲಿಲ್ಲ. ಆದ್ದರಿಂದ ಒಳಗೆ ಹೋಗುವ ಮುನ್ನ ಬಳೆ, ಉಂಗುರ, ವಾಚು ತೆಗೆದಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ. ಮಗುವನ್ನು ಮುಟ್ಟುವವರು ಯಾರೇ ಆಗಲಿ, ಕೈ ತೊಳೆದಿರಾ ಎಂದು ಕೇಳಲು ಸಂಕೋಚ ಬೇಡ.

ಈಗ ನಿಮ್ಮ ತಂಗಿಯ ವಿಷಯ. ತಾಯಿ ಒಂದು ವಾರ್ಡಿನಲ್ಲಿ, ಕೂಸು ಇನ್ನೊಂದರಲ್ಲಿ ಇರುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದ್ದದ್ದು 1ರಿಂದ 1.8 ಕಿಲೋ ತೂಕದ ಮಕ್ಕಳು. ರೂಢಿಯ ಆರೈಕೆ ಪಡೆದವರಲ್ಲಿ 28 ದಿನದೊಳಗೆ ನೂರಕ್ಕೆ 15.7 ಮಕ್ಕಳು ತೀರಿಕೊಂಡರೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಅವುಚಿಕೊಂಡ ಮಕ್ಕಳಲ್ಲಿ ಆ ಪ್ರಮಾಣ 12ಕ್ಕೆ ಇಳಿಯಿತು. ಇದೇ ಕಾಂಗರೂ ಆರೈಕೆ. ಮಗುವಿಗೆ ಟೊಪ್ಪಿ, ಕಾಲುಚೀಲ, ಲಂಗೋಟಿ ಮಾತ್ರ. ಎದೆಯ ನಡುವೆ ನೆಟ್ಟಗೆ ಒರಗಿಸಿ, ಮೂಗು ಮುಚ್ಚದಂತೆ ಮುಖ ಪಕ್ಕಕ್ಕೆ ತಿರುಗಿಸಿ, ಮೇಲೆ ಬಟ್ಟೆ ಸುತ್ತಬೇಕು. ಮಗುವಿನ ಅಪ್ಪನೂ ಸರದಿ ತೆಗೆದುಕೊಳ್ಳಬಹುದು. ಚೀಪಲು ಶಕ್ತಿಯಿಲ್ಲದಿದ್ದರೆ ಎದೆಹಾಲನ್ನು ಹಿಂಡಿ ನಳಿಕೆಯಲ್ಲೋ ಒಳಲೆಯಲ್ಲೋ ಕೊಡುತ್ತಾರೆ.

ಕಾಂಗರೂ ಆರೈಕೆ ಯಾವಾಗಿನಿಂದ ಎಂದು ಇಂದೇ ವೈದ್ಯರನ್ನು ಕೇಳಿ. ತಂಗಿಗೆ ಮುಂದೆ ಗುಂಡಿ ಇರುವ ಎರಡು ನೈಟಿ ಒಯ್ದು ಕೊಡಿ.