ಬಾರ್ಬಿಯ ಟ್ರಂಕು: ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಲ ಮ್ಯಾಂಚೆಸ್ಟರಿನ ದಿನಗಳನ್ನು ನೆನೆಯುತ್ತ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಎಂಬ ಟಿ.ವಿ. ಧಾರಾವಾಹಿಯ ಬಗ್ಗೆ ಎರಡು ಸಾಲು ಬರೆದಿದ್ದೆ. ಆರೋಗ್ಯದ ಪ್ರಶ್ನೆಗಳಿಗಿಂತ ಅದರ ಬಗೆಗಿನ ಪತ್ರಗಳೇ ಹೆಚ್ಚು ಬಂದಿವೆ. ಹಾಗಾಗಿ ಈ ಸಂಚಿಕೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಗೆ ರಜೆ.

ಪ್ರಶ್ನೆ: ಆ ಧಾರಾವಾಹಿಯನ್ನು ನಾವು ನೋಡಿಲ್ಲ. ಅದರಲ್ಲಿ ಅಂಥದ್ದೇನಿತ್ತು? ನೀವು ಎಲ್ಲಿ ನೋಡಿದಿರಿ? (ಓದುಗರೊಬ್ಬರು, ಮೈಸೂರು)

ಉತ್ತರ: 1984ರ ಜನವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೊಂದರಂತೆ ಬಂತು. ಒಟ್ಟು 14 ಕಂತು. ನಾನಾಗ ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ ಮ್ಯಾಂಚೆಸ್ಟರಿನ ಒಂದು ಆಸ್ಪತ್ರೆಯಲ್ಲಿ ಕಿರಿಯ ವೈದ್ಯೆ. ನಮ್ಮ ವಸತಿಗೃಹದಲ್ಲಿ ಎಲ್ಲರಿಗೂ ಸೇರಿ ಒಂದೇ ಟಿ.ವಿ. ಧಾರಾವಾಹಿಯನ್ನು ತಯಾರಿಸಿದ ಗ್ರಾನಡಾ ಟೆಲಿವಿಷನ್ ಅದೇ ಊರಿನ ಕಂಪನಿ. ಹಿಂದಿನ ವರ್ಷ ಗ್ರಾನಡಾದ ಗೋದಾಮಿಗೆ ಬೆಂಕಿ ಬಿದ್ದು ಇದರ ಸೆಟ್ಟುಗಳು ಸುಟ್ಟುಹೋದದ್ದು, ಮತ್ತೆ ಕಟ್ಟಿ ಚಿತ್ರೀಕರಣ ಮುಗಿಸಿದ್ದು ವಾರ್ಡಿನ ಆಯಾಗಳಿಗೂ ಗೊತ್ತಿತ್ತು. ತಮ್ಮ ಮನೆಯದೇ ಸಂಗತಿ ಎಂಬಂತೆ ಹೇಳುತ್ತಿದ್ದರು.

ಪಾಲ್ ಸ್ಕಾಟ್ ಬರೆದ ನಾಲ್ಕು ಕಾದಂಬರಿಗಳನ್ನು ಕೆನ್ ಟೇಲರ್ ಚಿತ್ರಕತೆಯಾಗಿಸಿದ್ದರು. ಕಾಲ 1942ರಿಂದ 1947. ಮಾಯಾಪುರ್ ಎಂಬ ಕಲ್ಪಿತ ಊರಿನಲ್ಲಿ ಡ್ಯಾಫ್ನಿ ಮ್ಯಾನರ್ಸ್ ಎಂಬ ಇಂಗ್ಲಿಷ್ ಹುಡುಗಿ ಹರಿ ಕುಮಾರ್ ಎಂಬ ಭಾರತೀಯ ಯುವಕನನ್ನು ಪ್ರೀತಿಸುತ್ತಾಳೆ. ಕ್ವಿಟ್ ಇಂಡಿಯಾ ಗಲಭೆಯ ಒಂದು ರಾತ್ರಿ ಬೀಬೀಘರ್ ಎಂಬ ಪಾಳುತೋಟದಲ್ಲಿ ಯಾರೋ ಆಕೆಯ ಮೇಲೆ ಅತ್ಯಾಚಾರ ಮಾಡುತ್ತಾರೆ. ಪೊಲೀಸ್ ಸೂಪರಿಂಟೆಂಡೆಂಟ್ ರೊನಾಲ್ಡ್ ಮೆರಿಕ್ ಹರಿಯನ್ನು ಹಿಡಿದು ಒಳಗೆ ಹಾಕುತ್ತಾನೆ. ಆ ಒಂದು ರಾತ್ರಿಯ ಅನ್ಯಾಯ ಮುಂದಿನ ಐದು ವರ್ಷ ಎಷ್ಟು ಜನರ ಬದುಕಿಗೆ ತಗಲುತ್ತ ಹೋಗುತ್ತದೆ ಎಂಬುದೇ ಕತೆ.

ಐರ್ಲೆಂಡಿನ ಒಬ್ಬ ವಾರ್ಡ್ ಸಿಸ್ಟರ್, ಲಾಹೋರಿನ ಒಬ್ಬ ಸಹೋದ್ಯೋಗಿ, ನಾನು, ಮೂವರೂ ಕಂತು ಬರುವ ರಾತ್ರಿಯ ಡ್ಯೂಟಿಯನ್ನು ಬೇರೆಯವರೊಡನೆ ಬದಲಿಸಿಕೊಂಡು ಕೂರುತ್ತಿದ್ದೆವು. ಹಿರಿಯ ಕಾಂಗ್ರೆಸ್ ಮುಖಂಡ ಮೊಹಮ್ಮದ್ ಅಲಿ ಕಾಸಿಂ ಆಗಿ ಜಿಯಾ ಮೊಹಿಯುದ್ದೀನ್ ಮೊದಲ ಸಲ ಪರದೆಯ ಮೇಲೆ ಬಂದಾಗ ಲಾಹೋರಿನ ಗೆಳತಿ ಕುರ್ಚಿಯಿಂದ ಎದ್ದೇಬಿಟ್ಟಳು. ಅವರು ಪಾಕಿಸ್ತಾನ ಟಿ.ವಿ.ಯಲ್ಲಿ ನಡೆಸಿಕೊಡುತ್ತಿದ್ದ ಕಾರ್ಯಕ್ರಮವನ್ನು ಅವಳು ಚಿಕ್ಕಂದಿನಲ್ಲಿ ತಪ್ಪದೆ ನೋಡುತ್ತಿದ್ದಳಂತೆ. ಕೊನೆಯ ಕಂತಿನಲ್ಲಿ ಮತ್ತೊಮ್ಮೆ ಎದ್ದಳು. 1947ರ ಆಗಸ್ಟ್. ಗುಂಪೊಂದು ರೈಲು ನಿಲ್ಲಿಸುತ್ತದೆ. ಇಂಗ್ಲಿಷರ ಜೊತೆ ಮೊದಲ ದರ್ಜೆಯ ಡಬ್ಬಿಯಲ್ಲಿ ಕೂತಿದ್ದ ಕಾಸಿಂರ ಮಗ ಅಹ್ಮದ್, ಉಳಿದವರನ್ನು ಕಾಯಲೆಂದು ತಾನೇ ಬಾಗಿಲು ತೆರೆದು ಇಳಿದು ಹೋಗುತ್ತಾನೆ. ಅವಳ ತಂದೆ ಅಮೃತಸರದಿಂದ ಅದೇ ತಿಂಗಳು ಅಂಥದೇ ರೈಲಿನಲ್ಲಿ ಲಾಹೋರ್ ಸೇರಿದವರು. ಈ ಸಲ ಅವಳು ಕೋಣೆ ಬಿಟ್ಟು ಹೊರಗೆ ಹೋದಳು. ನಾವಿಬ್ಬರೂ ಟಿ.ವಿ. ಆರಿಸಿ ಅವಳ ಹಿಂದೆ ಹೋದೆವು. ಕೊನೆಯ ದೃಶ್ಯಗಳನ್ನು ನಾನು ನೋಡಿದ್ದು ಮರುಪ್ರಸಾರದಲ್ಲಿ.

ಪ್ರಶ್ನೆ: ಖಳನ ಪಾತ್ರ ಮಾಡಿದವರನ್ನು ಜನ ನಿಜವಾಗಿಯೂ ದ್ವೇಷಿಸುತ್ತಿದ್ದರೆ? (ನಾಟಕಾಸಕ್ತರು, ಸಾಗರ)

ಉತ್ತರ: ಮೆರಿಕ್ ಆಗಿ ಟಿಮ್ ಪಿಗಟ್-ಸ್ಮಿತ್. ನಮ್ಮ ಸಿಸ್ಟರ್ ಅವನು ಬಂದ ಕೂಡಲೇ ಹಲ್ಲು ಕಚ್ಚುತ್ತಿದ್ದಳು. ಆದರೆ ಆ ನಟ ಅರಚುವುದಿಲ್ಲ, ಕಣ್ಣು ಕೆಂಪಗೆ ಮಾಡುವುದಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ, ಒಂದೊಂದೇ ಪದ ತೂಗಿ ಮಾತಾಡುತ್ತಾರೆ. ಮೆರಿಕ್ ಸಾಮಾನ್ಯ ಮನೆಯಿಂದ ಬಂದವನು. ಚಿಲ್ಲಿಂಗ್‌ಬರೋ ಎಂಬ ದೊಡ್ಡವರ ಶಾಲೆಯಲ್ಲಿ ಕಲಿತ ಹರಿಯ ಇಂಗ್ಲಿಷ್ ತನ್ನ ಇಂಗ್ಲಿಷಿಗಿಂತ ಚೆನ್ನಾಗಿದೆ ಎಂಬುದು ಮೊದಲ ಭೇಟಿಯಲ್ಲೇ ಅವನಿಗೆ ಮುಳ್ಳಾಗಿ ಚುಚ್ಚುತ್ತದೆ. ಆ ಚುಚ್ಚು ನಟನ ಮುಖದಲ್ಲಿ ಒಂದು ಕ್ಷಣ ಬಂದು ಹೋಗುತ್ತದೆ. ಮುಂದಿನ ಕ್ರೌರ್ಯಕ್ಕೆಲ್ಲ ಅಲ್ಲೇ ಬೇರು. ಬರ್ಮಾ ಯುದ್ಧದಲ್ಲಿ ಇನ್ನೊಬ್ಬನನ್ನು ಉಳಿಸಲು ಹೋಗಿ ಅದೇ ಮೆರಿಕ್ ಕೈ ಕಳೆದುಕೊಂಡಾಗ ನಮಗೆ ಮರುಕವೂ ಬಂತು. ಎರಡನ್ನೂ ಒಟ್ಟಿಗೆ ಹೊತ್ತು ಕೂರುವುದು ಕಷ್ಟವಾಗಿತ್ತು. ಆ ವರ್ಷದ ಬ್ರಿಟನ್ನಿನ ಬಾಫ್ಟಾ ಶ್ರೇಷ್ಠ ನಟ ಪ್ರಶಸ್ತಿ ಅವರಿಗೇ ಬಂತು. 2017ರಲ್ಲಿ, 70ನೇ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿ ಓದಿದ ದಿನ ಹಳೆಯ ಸಹೋದ್ಯೋಗಿಯೊಬ್ಬರು ತೀರಿಕೊಂಡಷ್ಟೇ ಮನಸ್ಸು ಭಾರವಾಗಿತ್ತು.

ಪ್ರಶ್ನೆ: ಕಳೆದ ಸಲ ನೀವು ‘ಹರಿ ಕುಮಾರನನ್ನು ನೋಡಿ ನನಗೆ ಭಯವಾಗಿತ್ತು’ ಎಂದು ಬರೆದಿದ್ದಿರಿ. ಯಾಕೆ? ನನ್ನ ಮೊಮ್ಮಕ್ಕಳಿಗೂ ಕನ್ನಡ ಓದಲು ಬರುವುದಿಲ್ಲ. (ಅಜ್ಜಿಯೊಬ್ಬರು, ಬೆಂಗಳೂರು)

ಉತ್ತರ: ಅಮ್ಮಾ, ನಿಮ್ಮ ಮೊಮ್ಮಕ್ಕಳಿಗೆ ಮನೆಯಿದೆ, ಅಜ್ಜಿ ಇದ್ದೀರಿ. ಹರಿಗೆ ಅದೂ ಇರಲಿಲ್ಲ. ಎರಡು ವರ್ಷದ ಕೂಸಾಗಿದ್ದಾಗ ಅಪ್ಪ ಅವನನ್ನು ಇಂಗ್ಲೆಂಡಿಗೆ ಒಯ್ದು ‘ಹ್ಯಾರಿ ಕೂಮರ್’ ಮಾಡಿದ. ಅಪ್ಪ ದಿವಾಳಿಯಾಗಿ ಸತ್ತ ಮೇಲೆ ಹುಡುಗ ಮಾಯಾಪುರದ ಅತ್ತೆಯ ಮನೆಗೆ ಬಂದು ಬಿದ್ದ. ಊರಿನ ಭಾಷೆ ಬರುವುದಿಲ್ಲ, ಇಂಗ್ಲಿಷರು ಹತ್ತಿರ ಸೇರಿಸುವುದಿಲ್ಲ. ಶಾಲೆಯಲ್ಲಿ ಜೀವದ ಗೆಳೆಯನಾಗಿದ್ದ ಕಾಲಿನ್ ಸೈನ್ಯದಲ್ಲಿ ಅದೇ ಊರಿಗೆ ಬಂದಾಗ, ಮೈದಾನದಲ್ಲಿ ಎದುರು ನಿಂತ ಹರಿಯ ಗುರುತೇ ಹಿಡಿಯುವುದಿಲ್ಲ. ಆರ್ಟ್ ಮಲಿಕ್ ಈ ಪಾತ್ರ ಮಾಡಿದವರು. ಬಹಾವಲ್ಪುರದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದವರಾದ್ದರಿಂದಲೋ ಏನೋ, ಎರಡು ದಡಕ್ಕೂ ಸಲ್ಲದವನ ನಿಲುವು ಅವರ ಹೆಗಲಲ್ಲೇ ಕಾಣುತ್ತಿತ್ತು. ಜೈಲಿನ ವಿಚಾರಣೆಯ ದೃಶ್ಯದಲ್ಲಿ ಕುರ್ಚಿಯಲ್ಲಿ ಕೂತು, ದನಿ ಏರಿಸದೆ, ತನ್ನ ಮೇಲೆ ನಡೆದದ್ದನ್ನು ಹೇಳುತ್ತಾರೆ. ಆ ರಾತ್ರಿ ನಾನು ನನಗಿನ್ನೂ ಹುಟ್ಟದ ಮಗುವಿನ ಜೊತೆ ಕನ್ನಡದಲ್ಲಿ ಮಾತಾಡಿಕೊಂಡೆ. ಮಗ ಹುಟ್ಟಿದ ಮೇಲೆ ದಿನಕ್ಕೆ ಒಂದು ಪುಟ ಕನ್ನಡ ಓದಿಸಿದೆ. ನೀವೂ ಒಂದು ಪುಟದಿಂದ ಶುರುಮಾಡಿ. ಒಂದೇ ಪುಟ ಸಾಕು, ದಿನ ತಪ್ಪಬಾರದು ಅಷ್ಟೇ.

ಪ್ರಶ್ನೆ: ಬಿಳಿಯರು ತಮಗಾಗಿ ಮಾಡಿಕೊಂಡ ಕತೆ ಅದು. ನೀವು ಅದನ್ನು ಇಷ್ಟು ಹೊಗಳುವುದು ಸರಿಯೆ? (ಉಪನ್ಯಾಸಕರು, ಧಾರವಾಡ)

ಉತ್ತರ: ನಿಮ್ಮ ಮಾತಿನಲ್ಲಿ ಹುರುಳಿದೆ. 1984ರಲ್ಲೇ ಸಲ್ಮಾನ್ ರಶ್ದಿ ಖಾರವಾಗಿ ಬರೆದಿದ್ದರು. ದೇಶವೊಂದರ ಮೇಲಾದ ದೌರ್ಜನ್ಯವನ್ನು ತೋರಿಸಲು ಬಿಳಿಯ ಹೆಣ್ಣಿನ ಮೇಲಿನ ಅತ್ಯಾಚಾರವನ್ನೇ ಏಕೆ ಆರಿಸಬೇಕು ಎಂಬುದು ಅವರ ಆಕ್ಷೇಪಗಳಲ್ಲೊಂದು. ಅದನ್ನು ಓದಿದಾಗ ಒಪ್ಪಿದೆ, ಈಗಲೂ ಒಪ್ಪುತ್ತೇನೆ. 14 ಕಂತಿನಲ್ಲಿ ಚಳವಳಿಗೆ ಇಳಿದ ಹಳ್ಳಿಯವರ ಮನೆಯೊಳಗೆ ಕ್ಯಾಮೆರಾ ಹೋಗುವುದೇ ಇಲ್ಲ ಎನ್ನಬಹುದು.

ಆದರೂ ಒಂದು ಮಾತು. ನಾನು ಸೀರೆ ಉಟ್ಟೇ ರೌಂಡ್ಸ್‌ಗೆ ಹೋಗುತ್ತಿದ್ದೆ. ಆ ವಾರಗಳಲ್ಲಿ ರೋಗಿಗಳು ನನ್ನನ್ನು ತಡೆದು ‘ಡಾಕ್ಟರ್, 1942ರಲ್ಲಿ ನಿಜವಾಗಿ ಹಾಗೆಲ್ಲ ಆಯಿತೆ?’ ಎಂದು ಕೇಳತೊಡಗಿದರು. ಅದನ್ನು ಶಾಲೆಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಯುದ್ಧದ ಕಾಲದಲ್ಲಿ ನಾಸಿಕದ ಹತ್ತಿರದ ದೇವಲಾಲಿ ಸೈನಿಕ ಶಿಬಿರದಲ್ಲಿದ್ದ ಮುದುಕರೊಬ್ಬರಿಗೆ ನಾನು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನ ಕತೆ ಹೇಳಿದೆ. ಈಸೂರಿನ ಐವರನ್ನು ಗಲ್ಲಿಗೇರಿಸಿದ್ದನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಹೆಸರುಗಳನ್ನು ಇನ್ನೊಮ್ಮೆ ಹೇಳಿ ಎಂದರು. ಧಾರಾವಾಹಿ ನಮ್ಮ ಕತೆ ಹೇಳಲಿಲ್ಲ, ನಿಜ. ನಾವು ಹೇಳಿದರೆ ಕೇಳುವ ಕಿವಿಗಳನ್ನು ಕೆಲವು ವಾರ ತೆರೆದಿಟ್ಟಿತು.

ಪ್ರಶ್ನೆ: ನಿಮಗೆ ಅತಿ ಇಷ್ಟವಾದ ಪಾತ್ರ ಯಾವುದು? (ನಿವೃತ್ತ ಶಿಕ್ಷಕಿ, ಗದಗ)

ಉತ್ತರ: ಅಕ್ಕೋರೇ, ನಿಮ್ಮಂಥ ಒಬ್ಬ ಶಿಕ್ಷಕಿಯೇ.

ಬಾರ್ಬಿ ಬ್ಯಾಚಲರ್. ಮಿಷನ್ ಶಾಲೆಗಳಲ್ಲಿ ಜೀವನವಿಡೀ ಪಾಠ ಹೇಳಿ ನಿವೃತ್ತಳಾದ ಒಂಟಿ ಹೆಂಗಸು. ಪಾಂಕೋಟ್ ಎಂಬ ಗಿರಿಧಾಮದ ರೋಸ್ ಕಾಟೇಜಿನಲ್ಲಿ ಮೇಬಲ್ ಎಂಬ ವೃದ್ಧೆಯ ಜೊತೆ ಬಾಡಿಗೆಗೆ ಇರುತ್ತಾಳೆ. ಮಾತು, ಮಾತು, ಬರೀ ಮಾತು. ಮೇಬಲ್‌ಗೆ ಕಿವಿ ಮಂದ, ಅದರಿಂದ ಇಬ್ಬರಿಗೂ ಅನುಕೂಲ. ಮೇಬಲ್ ತೀರಿಕೊಂಡ ಮೇಲೆ ಆಕೆಯ ಮಲಮಗನ ಹೆಂಡತಿ ಮಿಲ್ಡ್ರೆಡ್ ಬಾರ್ಬಿಯನ್ನು ಹೊರಗೆ ಹಾಕುತ್ತಾಳೆ. ಬಾರ್ಬಿಯ ಆಸ್ತಿ ಎಂದರೆ ಒಂದು ಟ್ರಂಕು. ಶಾಲೆಯ ಹಳೆಯ ಪುಸ್ತಕ, ಕಾಗದ ಅದರಲ್ಲಿ. ಅದನ್ನೂ ಮಾಲಿಯ ಗುಡಿಸಲಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ. ಮಳೆಯಲ್ಲಿ ಟಾಂಗಾದ ಮೇಲೆ ಟ್ರಂಕು ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಗಾಡಿ ಉರುಳುತ್ತದೆ. ಅಷ್ಟು ಮಾತಾಡುತ್ತಿದ್ದವಳು ಆಮೇಲೆ ಆಸ್ಪತ್ರೆಯ ಕಿಟಕಿ ನೋಡುತ್ತ ಮಾತೇ ಬಿಡುತ್ತಾಳೆ. ಕಾದಂಬರಿಯಲ್ಲಿ ಅವಳು ಸಾಯುವುದು 1945ರ ಆಗಸ್ಟ್ 6ರಂದು, ಹಿರೋಶಿಮಾದ ದಿನ.

ಪೆಗಿ ಆಶ್‌ಕ್ರಾಫ್ಟ್‌ಗೆ ಆಗ ಎಪ್ಪತ್ತು ದಾಟಿತ್ತು. ರಂಗಭೂಮಿಯ ರಾಣಿಯಂಥವರು. ಇಲ್ಲಿ ಟೋಪಿ ಸರಿಮಾಡಿಕೊಳ್ಳುವ ಕೈ, ಮಧ್ಯದಲ್ಲೇ ಸೋರಿಹೋಗುವ ವಾಕ್ಯ, ಅವಮಾನವಾದಾಗಲೂ ಬಿಡದ ನಗು. ಆ ವರ್ಷ ಬಾಫ್ಟಾದ ಶ್ರೇಷ್ಠ ನಟಿ ಪ್ರಶಸ್ತಿಗೆ ಇದ್ದ ನಾಲ್ಕು ಹೆಸರೂ ಇದೇ ಧಾರಾವಾಹಿಯವು: ಆಶ್‌ಕ್ರಾಫ್ಟ್, ಮಿಲ್ಡ್ರೆಡ್‌ಳ ಮಗಳು ಸಾರಾ ಆಗಿದ್ದ ಜೆರಲ್ಡೀನ್ ಜೇಮ್ಸ್, ಡ್ಯಾಫ್ನಿಯಾಗಿದ್ದ ಸೂಸನ್ ವುಲ್‌ಡ್ರಿಜ್, ಮಿಲ್ಡ್ರೆಡ್ ಆಗಿದ್ದ ಜೂಡಿ ಪಾರ್ಫಿಟ್. ಗೆದ್ದದ್ದು ನಮ್ಮ ಬಾರ್ಬಿ.

ಟ್ರಂಕಿನ ಕಂತು ಮುಗಿದಾಗ ನನಗೆ ಕೂರಲಾಗಲಿಲ್ಲ. ನಮ್ಮ ಸೋದರತ್ತೆಯೂ ಹೆಣ್ಣುಮಕ್ಕಳ ಸಾಲಿಯಲ್ಲಿ ಅಕ್ಕೋರು. ಮದುವೆಯಾಗಲಿಲ್ಲ. ಅವರ ಸಂಬಳದಲ್ಲೇ ಅಪ್ಪನ ಓದು, ಚಿಕ್ಕಪ್ಪನ ಓದು ಆಯಿತು. ನಿವೃತ್ತರಾಗಿ ನಮ್ಮ ಮನೆಗೆ ಬಂದಾಗ ಮೊದಲು ನಡುಮನೆಯ ಪಕ್ಕದ ಕೋಣೆ, ಆಮೇಲೆ ನೆಂಟರು ಬಂದರೆಂದು ಅಟ್ಟ, ಆಮೇಲೆ ಹಿತ್ತಲ ಕಡೆಯ ಪಡಸಾಲೆ. ಬಿಳಿ ಬಣ್ಣದಲ್ಲಿ ಹೆಸರು ಬರೆದಿದ್ದ ಅವರ ಕಬ್ಬಿಣದ ಟ್ರಂಕು ಜಿನೆಯ ಕೆಳಗೆ, ಕಟ್ಟಿಗೆಯ ಹಿಂದೆ. ಅದನ್ನು ನಾನು ದಿನಾ ದಾಟಿಕೊಂಡೇ ಓಡಾಡಿದ್ದೆ. ಕಂಡಿರಲಿಲ್ಲ. ಆ ರಾತ್ರಿಯೇ ಅಪ್ಪನಿಗೆ ಪತ್ರ ಬರೆದೆ. ಅತ್ತೆಗೆ ಒಂದು ಕೋಣೆ ಕೊಡಿ, ಟ್ರಂಕು ಅವರ ಮಂಚದ ಹತ್ತಿರ ಇಡಿ, ಬೇರೇನೂ ಕೇಳುವುದಿಲ್ಲ ಎಂದು.

ಒಂದು ತಿಂಗಳ ಮೇಲೆ ಅತ್ತೆಯ ಕಾಗದ ಬಂತು. ‘ಟ್ರಂಕು ಹೊರಗ ಬಂತು. ಒಳಗ ಗೆದ್ದಲ ಹತ್ತಿಲ್ಲ. 1951ರ ಹಾಜರಿ ಪುಸ್ತಕನೂ ಐತಿ. ಯಾಕ ಬರದೀ ಅಂತ ಕೇಳಂಗಿಲ್ಲ. ಊಟಾ ಸರಿ ಮಾಡು.’ ಈಗ ಆ ಟ್ರಂಕು ನನ್ನ ಮನೆಯಲ್ಲಿದೆ, ಕಿಟಕಿಯ ಪಕ್ಕ.

ಪ್ರಶ್ನೆ: ಆ ಕಲಾವಿದರು ನಮ್ಮ ಕರ್ನಾಟಕಕ್ಕೆ ಬಂದಿದ್ದರೆ? (ಕಾಲೇಜು ವಿದ್ಯಾರ್ಥಿನಿ, ರಾಮನಗರ)

ಉತ್ತರ: ನಿಮ್ಮೂರಿಗೇ ಬಂದಿದ್ದರು ತಂಗಿ! ಧಾರಾವಾಹಿಯ ಬೆನ್ನಿಗೇ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾ ತೆಗೆದರು. ಬೆಂಗಳೂರಿನ ಸುತ್ತಮುತ್ತ, ಸಾವನದುರ್ಗ ಮತ್ತು ರಾಮನಗರದ ಬಂಡೆಗಳಲ್ಲಿ ಚಿತ್ರೀಕರಣ. ಅದರಲ್ಲಿ ಮಿಸೆಸ್ ಮೂರ್ ಆದದ್ದು ಇದೇ ಪೆಗಿ ಆಶ್‌ಕ್ರಾಫ್ಟ್. ಆ ಪಾತ್ರಕ್ಕೆ ಅವರಿಗೆ 1985ರಲ್ಲಿ ಆಸ್ಕರ್ ಬಂತು. ಹರಿಯಾಗಿದ್ದ ಆರ್ಟ್ ಮಲಿಕ್, ಮಿರಾಟ್ ಎಂಬ ಕಲ್ಪಿತ ಸಂಸ್ಥಾನದ ನವಾಬರಾಗಿದ್ದ ಸಯೀದ್ ಜಾಫ್ರಿ ಕೂಡ ಅದರಲ್ಲಿದ್ದಾರೆ. ಮ್ಯಾಂಚೆಸ್ಟರಿನ ಥಿಯೇಟರಿನಲ್ಲಿ ಆ ಬಂಡೆಗಳು ಕಂಡಾಗ ನಾನು ಪಕ್ಕದ ಸೀಟಿನ ಲಾಹೋರಿನ ಗೆಳತಿಯ ಕೈ ಹಿಡಿದು, ‘ನೋಡು, ಇದು ನನ್ನ ನಾಡು’ ಎಂದೆ.

ಪ್ರಶ್ನೆ: ಮೊದಲು ಪುಸ್ತಕ ಓದಬೇಕೆ, ಧಾರಾವಾಹಿ ನೋಡಬೇಕೆ? (ಓದುಗರು, ಶಿವಮೊಗ್ಗ)

ಉತ್ತರ: ಧಾರಾವಾಹಿ ಮೊದಲು. ಡಿ.ವಿ.ಡಿ. ಸಿಗುತ್ತದೆ. ಮೊದಲ ಕಂತು ಉದ್ದ, ಬಿಡುವು ಮಾಡಿಕೊಂಡು ಕೂರಿ. ಡ್ಯಾಫ್ನಿ ಉಳಿದುಕೊಂಡ ಮನೆಯೊಡತಿ ಲಿಲಿ ಚಟರ್ಜಿಯಾಗಿ ಜೋಹ್ರಾ ಸೆಹಗಲ್ ಇದ್ದಾರೆ, ಅವರ ಕಣ್ಣು ತಪ್ಪಿಸಿಕೊಳ್ಳಬೇಡಿ. ಆಮೇಲೆ ಮೂರನೆಯ ಕಾದಂಬರಿ ‘ದಿ ಟವರ್ಸ್ ಆಫ್ ಸೈಲೆನ್ಸ್’ ತೆರೆಯಿರಿ. ಬಾರ್ಬಿ ಅದರಲ್ಲಿದ್ದಾಳೆ.