ನಡೆಯುವ ರೋಬೋಟಿನ ಹೊಟ್ಟೆಪಾಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪುಟ್ಟ ರೋಬೋಟುಗಳಿಗೆ ಕಾಲು ಜೋಡಿಸಿ ನಡೆಸಲು ಹೊರಟಿರುವ ಓದುಗರ ಪತ್ರಗಳನ್ನು ಒಟ್ಟಿಗೆ ಇಟ್ಟು ಓದಿದಾಗ, ಬೇರೆ ಬೇರೆ ಎಂದು ತೋರುವ ತೊಂದರೆಗಳಲ್ಲಿ ಹೆಚ್ಚಿನವು ಬ್ಯಾಟರಿಯಿಂದ ಮೋಟಾರಿನವರೆಗಿನ ದಾರಿಯಲ್ಲಿಯೇ ಹುಟ್ಟುತ್ತಿರುವುದು ಕಂಡುಬಂತು. ಆದ್ದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಹನ್ನೆರಡು ಎಸ್‌ಜಿ90 ಸರ್ವೊ ಮೋಟಾರುಗಳನ್ನು (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರುಗಳು) ಬಳಸಿ ನಾಲ್ಕು ಕಾಲಿನ ರೋಬೋಟ್ ಮಾಡಿದ್ದೇನೆ. ನಿಯಂತ್ರಣಕ್ಕೆ ಇಎಸ್‌ಪಿ32 ಬೋರ್ಡು, ಸರ್ವೊಗಳನ್ನು ನಡೆಸಲು ಪಿಸಿಎ9685 ಬೋರ್ಡು, ವಿದ್ಯುತ್ತಿಗೆ ಎರಡು 18650 ಲಿಥಿಯಂ ಸೆಲ್ಲುಗಳು ಮತ್ತು ಅವುಗಳ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸಿ ಕೊಡುವ ಒಂದು ಎಲ್‌ಎಂ2596 ಬಕ್ ಕನ್ವರ್ಟರ್ ಇವೆ. ಕೈಯಲ್ಲಿ ಎತ್ತಿ ಹಿಡಿದಾಗ ಕಾಲುಗಳು ಸೊಗಸಾಗಿ ಆಡುತ್ತವೆ. ನೆಲದ ಮೇಲಿಟ್ಟು ಏಳಿಸಿದ ಕೂಡಲೇ ಎಲ್ಲ ಕಾಲುಗಳೂ ನಡುಗಿ, ಬೋರ್ಡು ಮೊದಲಿನಿಂದ ಶುರುವಾಗುತ್ತದೆ. ಪ್ರೋಗ್ರಾಮನ್ನು ಮೂರು ಸಲ ತಿದ್ದಿ ಬರೆದರೂ ಫಲ ಸಿಕ್ಕಿಲ್ಲ. — ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಪ್ರೋಗ್ರಾಮಿನ ಮೇಲೆ ನನಗೆ ಅನುಮಾನವಿಲ್ಲ. ಎತ್ತಿ ಹಿಡಿದಾಗ ಸರಿಯಾಗಿ ಆಡುವ ಕಾಲು ನೆಲಕ್ಕೆ ತಾಗಿದಾಗ ಎಡವಿದರೆ, ಈ ಎರಡರ ನಡುವೆ ಬದಲಾದದ್ದು ಭಾರ ಒಂದೇ. ತ್ರೀಫೇಸ್ ಕರೆಂಟು ಬಂದ ಕ್ಷಣದಲ್ಲಿ ಊರಿನ ಪಂಪ್‌ಸೆಟ್‌ಗಳೆಲ್ಲ ಆಟೋಸ್ಟಾರ್ಟರಿನಿಂದ ಒಮ್ಮೆಗೇ ಶುರುವಾದಾಗ ಮನೆಯ ಬಲ್ಬು ಕೆಂಪಗೆ ಮಂಕಾಗುವುದನ್ನು ನೀವು ನೋಡಿರಬಹುದು. ನಿಮ್ಮ ರೋಬೋಟಿನಲ್ಲಿ ಆಗುತ್ತಿರುವುದೂ ಅದೇ. ಇಲ್ಲಿ ಮಂಕಾಗುತ್ತಿರುವ ಬಲ್ಬು ಇಎಸ್‌ಪಿ32.

ಲೆಕ್ಕ ಹಾಕಿ ನೋಡೋಣ. ಒಂದು ಎಸ್‌ಜಿ90 ಸರ್ವೊ ಸುಮ್ಮನಿರುವಾಗ ಕೆಲವೇ ಮಿಲಿಆಂಪಿಯರ್, ಸಾಧಾರಣ ಭಾರ ಹೊತ್ತು ತಿರುಗುವಾಗ 100ರಿಂದ 250 ಮಿಲಿಆಂಪಿಯರ್, ತಿರುಗಲಾರದೆ ಸಿಕ್ಕಿ ನಿಂತಾಗ 650 ಮಿಲಿಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತದೆ. ನಿಂತ ಸ್ಥಿತಿಯಿಂದ ಚಲಿಸತೊಡಗುವ ಮೊದಲ ಕ್ಷಣದಲ್ಲಿಯೂ ಪ್ರತಿಯೊಂದು ಮೋಟಾರು ಆ ಗರಿಷ್ಠ ಮಟ್ಟದ ಹತ್ತಿರಕ್ಕೆ ಹೋಗುತ್ತದೆ. ಹನ್ನೆರಡೂ ಒಟ್ಟಿಗೆ ಹಾಗೆ ಮಾಡಿದರೆ 7.8 ಆಂಪಿಯರ್ ಬೇಕು. ಎಲ್‌ಎಂ2596 ಕೊಡಬಲ್ಲದ್ದು ಹೆಚ್ಚೆಂದರೆ 3 ಆಂಪಿಯರ್, ಅದನ್ನೂ ಶಾಖ ಹೊರಹಾಕುವ ಹೀಟ್‌ಸಿಂಕ್ ಇಲ್ಲದೆ ಹೆಚ್ಚು ಹೊತ್ತು ಕೊಡಲಾರದು. ಬೇಡಿಕೆ ಅದನ್ನು ಮೀರಿದಾಗ 5 ವೋಲ್ಟ್ ಕುಸಿಯುತ್ತದೆ. ಇಎಸ್‌ಪಿ32 ಬೋರ್ಡಿನ ಮೇಲೆ 5 ವೋಲ್ಟನ್ನು 3.3 ವೋಲ್ಟಿಗೆ ಇಳಿಸುವ ಪುಟ್ಟ ರೆಗ್ಯುಲೇಟರ್ ಇದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಎಎಂಎಸ್1117 ಆಗಿದ್ದರೆ, ತಾನು ಹೊರಗೆ ಕೊಡುವುದಕ್ಕಿಂತ ಒಂದು ವೋಲ್ಟಿಗೂ ಹೆಚ್ಚು ಅದಕ್ಕೆ ಒಳಗೆ ಬರಬೇಕು. ಹಾಗಾಗಿ 5 ವೋಲ್ಟಿನ ಸಾಲು 4.4ರ ಆಸುಪಾಸಿಗೆ ಇಳಿದರೂ ಚಿಪ್ಪಿಗೆ ಉಸಿರು ಸಾಲದು, ಅದು ತನ್ನನ್ನು ತಾನೇ ಮರುಪ್ರಾರಂಭಿಸಿಕೊಳ್ಳುತ್ತದೆ. ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ ಬೋರ್ಡಿನ ಸಂದೇಶಗಳನ್ನು ತೋರಿಸುವ ಸೀರಿಯಲ್ ಮಾನಿಟರ್ ತೆರೆದಿಟ್ಟರೆ, ವೋಲ್ಟೇಜ್ ಕುಸಿದಿದೆ ಎನ್ನುವ ಬ್ರೌನ್‌ಔಟ್ ಎಂಬ ಸೂಚನೆ ಕಾಣಿಸಬಹುದು, ಆದರೆ ಆಗ ಯುಎಸ್‌ಬಿಯಿಂದಲೂ ವಿದ್ಯುತ್ತು ಬರುವುದರಿಂದ ತೊಂದರೆಯೇ ಮರೆಯಾಗುವುದೂ ಉಂಟು. ಆ ಬ್ರೌನ್‌ಔಟ್ ಪತ್ತೆಯನ್ನೇ ಪ್ರೋಗ್ರಾಮಿನಲ್ಲಿ ನಿಲ್ಲಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿದರೆ ಕಳ್ಳ ಹೋಗುವುದಿಲ್ಲ.

ಏನನ್ನಾದರೂ ಕೊಳ್ಳುವ ಮೊದಲು ಅಳೆಯಿರಿ. ಮಲ್ಟಿಮೀಟರಿನ ಕಡ್ಡಿಗಳನ್ನು ಪಿಸಿಎ9685 ಬೋರ್ಡಿನಲ್ಲಿ ಸರ್ವೊಗಳಿಗೆ ವಿದ್ಯುತ್ತು ಸೇರುವ ತಿರುಪುಗಳ ಮೇಲೆಯೇ ಇಟ್ಟು, ರೋಬೋಟ್ ಏಳುತ್ತಿರುವಾಗಲೇ ಓದಬೇಕು. ಕನ್ವರ್ಟರಿನ ತುದಿಯಲ್ಲಿ, ರೋಬೋಟ್ ಮಲಗಿರುವಾಗ ಅಳೆದ 5.02 ವೋಲ್ಟಿನಿಂದ ಏನೂ ತಿಳಿಯುವುದಿಲ್ಲ. ಮಲ್ಟಿಮೀಟರ್ ನಿಧಾನದ ಉಪಕರಣವಾದ್ದರಿಂದ ಕೆಲವು ಮಿಲಿಸೆಕೆಂಡುಗಳ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಅದೇ 4.6 ತೋರಿಸಿತೆಂದರೆ ನಿಜವಾದ ಕುಸಿತ ಇನ್ನೂ ಆಳವಾಗಿದೆ ಎಂದು ತಿಳಿಯಿರಿ.

ಇನ್ನು ವೈರು. ಬ್ರೆಡ್‌ಬೋರ್ಡಿಗೆ ಬಳಸುವ ತೆಳು ಜಂಪರ್ ವೈರಿನೊಳಗಿನ ತಾಮ್ರ ಹಲವು ವೇಳೆ 0.08 ಚದರ ಮಿಲಿಮೀಟರ್ ಮಾತ್ರ ಇರುತ್ತದೆ. ಹೋಗಿ ಬರುವ ದಾರಿ ಸೇರಿ 40 ಸೆಂಟಿಮೀಟರ್ ಇದ್ದು, ಅದರಲ್ಲಿ 4 ಆಂಪಿಯರ್ ಹರಿದರೆ ವೈರೊಂದೇ 0.3 ವೋಲ್ಟಿಗೂ ಹೆಚ್ಚು ನುಂಗುತ್ತದೆ. ಪಿನ್ನುಗಳ ಸಡಿಲ ಹಿಡಿತದಲ್ಲಿ ಕಳೆದುಹೋಗುವುದು ಬೇರೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 1 ಸ್ಕ್ವೇರ್ ಎಂಎಂ ಮಲ್ಟಿಸ್ಟ್ರಾಂಡ್ ವೈರನ್ನು ಹಾಕಿದರೆ ಅದೇ ನಷ್ಟ 0.03 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಒಂದು ಗಜ ವೈರಿನಲ್ಲಿ ತೀರುವ ಕಾಯಿಲೆಗೆ ಮೂರು ಸಲ ಪ್ರೋಗ್ರಾಮ್ ಬರೆದವರು ನೀವೊಬ್ಬರೇ ಅಲ್ಲ. ಈ ಸಾಲುಗಳನ್ನು ಬರೆಯುತ್ತಿರುವವನೂ ಆ ಪಂಗಡದವನೇ.

ಕನ್ವರ್ಟರನ್ನು 5 ಆಂಪಿಯರಿನ ಎಕ್ಸ್‌ಎಲ್4015 ರೀತಿಯದ್ದಕ್ಕೆ ಬದಲಿಸಿ. ಸಾಧ್ಯವಾದರೆ ಎರಡನ್ನು ತಂದು, ಮುಂಗಾಲುಗಳಿಗೆ ಒಂದು, ಹಿಂಗಾಲುಗಳಿಗೆ ಒಂದು ಎಂದು ಹಂಚಿರಿ. ಆದರೆ ಎರಡರ ಔಟ್‌ಪುಟ್ಟುಗಳ ಪಾಸಿಟಿವ್ ತುದಿಗಳನ್ನು ಒಂದಕ್ಕೊಂದು ಸೇರಿಸಬಾರದು. ಪಿಸಿಎ9685 ಬೋರ್ಡಿನಲ್ಲಿ ಎಲ್ಲ ಸರ್ವೊಗಳ ಪಾಸಿಟಿವ್ ಒಂದೇ ಸಾಲಿನಲ್ಲಿರುವುದರಿಂದ, ಎರಡನೆಯ ಗುಂಪಿನ ಕೆಂಪು ವೈರುಗಳನ್ನು ಬೋರ್ಡಿಗೆ ಚುಚ್ಚದೆ ನೇರವಾಗಿ ಎರಡನೆಯ ಕನ್ವರ್ಟರಿಗೆ ಒಯ್ಯಬೇಕಾಗುತ್ತದೆ. ಇಎಸ್‌ಪಿ32ಕ್ಕೆ ಪ್ರತ್ಯೇಕವಾದ ಸಣ್ಣ ಕನ್ವರ್ಟರ್ ಇರಲಿ. ನಿಮ್ಮ ಹಳೆಯ ಎಲ್‌ಎಂ2596 ಆ ಕೆಲಸಕ್ಕೆ ಧಾರಾಳವಾಯಿತು. ಎಷ್ಟು ಕನ್ವರ್ಟರುಗಳಿದ್ದರೂ ಗ್ರೌಂಡ್ (ನೆಗೆಟಿವ್ ಸಾಲು) ಮಾತ್ರ ಎಲ್ಲಕ್ಕೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಸಂಕೇತಗಳಿಗೆ ನೆಲೆಯೇ ಇರುವುದಿಲ್ಲ. ಸರ್ವೊಗಳ ಸಾಲಿಗೆ, ಬೋರ್ಡಿಗೆ ಆದಷ್ಟು ಹತ್ತಿರದಲ್ಲಿ, 1000 ಮೈಕ್ರೊಫ್ಯಾರಡಿನ 16 ವೋಲ್ಟ್ ಕೆಪಾಸಿಟರ್ ಒಂದನ್ನು ಬೆಸುಗೆ ಹಾಕಿ. ಅದರ ಪಾಸಿಟಿವ್, ನೆಗೆಟಿವ್ ತುದಿಗಳು ಅದಲುಬದಲಾದರೆ ಸಿಡಿಯುತ್ತದೆ, ಎಚ್ಚರ.

ಪ್ರೋಗ್ರಾಮಿನಲ್ಲಿ ಮಾಡಬೇಕಾದ್ದೂ ಒಂದಿದೆ. ಇಂತಹ ಸರ್ವೊ ತಾನು ಈಗ ಯಾವ ಕೋನದಲ್ಲಿದೆ ಎಂದು ನಿಯಂತ್ರಕಕ್ಕೆ ಹೇಳುವುದಿಲ್ಲ. ಮೊದಲ ಸಂಕೇತ ಬಂದೊಡನೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಹೇಳಿದ ಕೋನಕ್ಕೆ ಹಾರುತ್ತದೆ. ಆದ್ದರಿಂದ ಸ್ವಿಚ್ ಹಾಕುವ ಮೊದಲೇ ಕಾಲುಗಳನ್ನು ಕೈಯಿಂದ ಮೆಲ್ಲಗೆ ಮಡಚಿ ಕುಳಿತ ಭಂಗಿಗೆ ತನ್ನಿ, ಅದೇ ಭಂಗಿಯನ್ನು ಮೊದಲ ಆದೇಶವಾಗಿ ಬರೆಯಿರಿ, ಸರ್ವೊಗಳನ್ನು 50 ಮಿಲಿಸೆಕೆಂಡುಗಳ ಅಂತರದಲ್ಲಿ ಒಂದೊಂದಾಗಿ ಎಚ್ಚರಿಸಿ. ಅನಂತರ ಎರಡು ಸೆಕೆಂಡುಗಳಷ್ಟು ಕಾಲ ತೆಗೆದುಕೊಂಡು ನಿಧಾನವಾಗಿ ಏಳಲಿ.

ಪ್ರಶ್ನೆ: ನನ್ನ ರೋಬೋಟ್ ನಡೆಯುತ್ತದೆ, ಬೀಳುವುದಿಲ್ಲ. ಆದರೆ ಐದು ನಿಮಿಷ ಸುಮ್ಮನೆ ನಿಲ್ಲಿಸಿದರೂ ತೊಡೆಯ ಸರ್ವೊಗಳು ಮುಟ್ಟಲಾಗದಷ್ಟು ಬಿಸಿಯಾಗುತ್ತವೆ. ಕೆಲಸವನ್ನೇ ಮಾಡದಿರುವಾಗ ಬಿಸಿ ಏಕೆ? — ಹತ್ತನೆಯ ತರಗತಿಯ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಏಕೆಂದರೆ ಚಕ್ರದ ರೋಬೋಟಿಗೂ ಕಾಲಿನ ರೋಬೋಟಿಗೂ ಇರುವ ನಿಜವಾದ ಭೇದ ಇಲ್ಲಿಯೇ ಇದೆ. ಚಕ್ರದ ಗಾಡಿ ನಿಂತಾಗ ಅದರ ಭಾರವನ್ನು ಅಚ್ಚು ಹೊರುತ್ತದೆ, ಮೋಟಾರಿಗೆ ವಿರಾಮ. ಕಾಲಿನ ರೋಬೋಟ್ ನಿಲ್ಲುವುದಕ್ಕೂ ಬೆಲೆ ತೆರಬೇಕು. ಬಸ್ಕಿ ಹೊಡೆಯುವಾಗ ಅರ್ಧಕ್ಕೇ ನಿಂತು ನೋಡಿ: ನೀವು ಚಲಿಸುತ್ತಿಲ್ಲ, ಭೌತಶಾಸ್ತ್ರದ ಪಾಠದ ಪ್ರಕಾರ ಕೆಲಸವೂ ನಡೆದಿಲ್ಲ, ಆದರೂ ತೊಡೆ ಉರಿಯುತ್ತದೆ. ಸರ್ವೊ ಕೂಡ ಬಾಗಿದ ಕಾಲನ್ನು ಹಿಡಿದಿಡಲು ಸತತವಾಗಿ ವಿದ್ಯುತ್ತನ್ನು ಎಳೆಯುತ್ತದೆ, ಮತ್ತು ಚಲನೆ ಇಲ್ಲದಿರುವುದರಿಂದ ಅಷ್ಟೂ ಶಾಖವಾಗುತ್ತದೆ.

ನಿಮ್ಮ ರೋಬೋಟಿನ ತೂಕ 600 ಗ್ರಾಂ, ಪಾದವು ತೊಡೆಯ ಸರ್ವೊದ ಅಚ್ಚಿನಿಂದ ಅಡ್ಡಲಾಗಿ 6 ಸೆಂಟಿಮೀಟರ್ ಹೊರಗೆ ಇದೆ ಎಂದು ಬರೆದಿದ್ದೀರಿ. ಮೂರು ಕಾಲುಗಳ ಮೇಲೆ ನಿಂತಾಗ ಒಂದೊಂದರ ಪಾಲಿಗೆ 200 ಗ್ರಾಂ ಎಂದಿಟ್ಟುಕೊಂಡರೂ, ತಿರುಚುಬಲ (ಟಾರ್ಕ್) 200 ಗ್ರಾಂ ಗುಣಿಸು 6 ಸೆಂಟಿಮೀಟರ್, ಅಂದರೆ 1.2 ಕಿಲೋಗ್ರಾಂ-ಸೆಂಟಿಮೀಟರ್. ನಡೆಯುವಾಗ ಭಾರ ಎಂದೂ ಸಮನಾಗಿ ಹಂಚಿಹೋಗುವುದಿಲ್ಲ. ದೇಹದ ನಡುಬಿಂದು ಕರ್ಣರೇಖೆಯ ಮೇಲೆ ಬಂದ ಕ್ಷಣದಲ್ಲಿ ಎದುರುಬದುರಿನ ಎರಡೇ ಕಾಲುಗಳು ತಲಾ 300 ಗ್ರಾಂ ಹೊರುತ್ತವೆ, ಆಗ ಅದು 1.8 ಆಗುತ್ತದೆ. ಎಸ್‌ಜಿ90 ಸರ್ವೊ 4.8 ವೋಲ್ಟಿನಲ್ಲಿ ತಾಳಬಲ್ಲ ಕಟ್ಟಕಡೆಯ ಮಿತಿಯೂ ಸುಮಾರು 1.8 ಕಿಲೋಗ್ರಾಂ-ಸೆಂಟಿಮೀಟರೇ. ಆ ಅಂಕಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ಭಾರವನ್ನು ಸತತವಾಗಿ ಹೊರಿಸಬಾರದು ಎಂಬುದು ನನ್ನ ರೂಢಿ.

ದೊಡ್ಡ ಮೋಟಾರು ತರುವುದು ಕೊನೆಯ ಉಪಾಯವಾಗಲಿ, ಅದರ ತೂಕವನ್ನೂ ಅದೇ ಹೊರಬೇಕಲ್ಲ. ಮೊದಲು ನಿಲ್ಲುವ ಭಂಗಿಯನ್ನು ಬದಲಿಸಿ. ಕಾಲನ್ನು ಜೇಡನಂತೆ ಅಗಲಿಸದೆ, ಪಾದ ಅಚ್ಚಿನಿಂದ 3 ಸೆಂಟಿಮೀಟರ್ ದೂರದಲ್ಲಿ ಬರುವಂತೆ ಒಳಕ್ಕೆ ತಂದರೆ ತಿರುಚುಬಲ ಸರಿಯಾಗಿ ಅರ್ಧವಾಗುತ್ತದೆ. ರೋಬೋಟ್ ತುಸು ಎತ್ತರವಾಗುತ್ತದೆ, ಅದರ ಸ್ಥಿರತೆ ಕೊಂಚ ಕಡಿಮೆಯಾಗುತ್ತದೆ. ಆ ಬೆಲೆ ಕೊಡಬಹುದು. ಎರಡನೆಯದಾಗಿ, ಹತ್ತು ಸೆಕೆಂಡು ಆದೇಶವಿಲ್ಲದಿದ್ದರೆ ಹೊಟ್ಟೆ ನೆಲಕ್ಕೆ ತಾಗುವಂತೆ ಕುಳಿತು, ಸರ್ವೊಗಳಿಗೆ ಹೋಗುವ ಸಂಕೇತವನ್ನೇ ನಿಲ್ಲಿಸುವಂತೆ ಬರೆಯಿರಿ. ಸಂಕೇತ ನಿಂತರೆ ಇಂತಹ ಅಗ್ಗದ ಸರ್ವೊಗಳಲ್ಲಿ ಹೆಚ್ಚಿನವು ಮೋಟಾರನ್ನು ಸಡಿಲ ಬಿಡುತ್ತವೆ.

ಪ್ರಶ್ನೆ: ಎರಡು 18650 ಸೆಲ್ಲುಗಳಲ್ಲಿ ಹನ್ನೆರಡು ಸರ್ವೊಗಳ ರೋಬೋಟ್ ಎಷ್ಟು ಹೊತ್ತು ನಡೆಯಬೇಕು? 9900 ಮಿಲಿಆಂಪಿಯರ್-ಅವರ್ ಎಂದು ಬರೆದ ಸೆಲ್ಲುಗಳನ್ನು ಹಾಕಿದ್ದೇನೆ, ಕಾಲು ಗಂಟೆಯೂ ಬರುತ್ತಿಲ್ಲ. — ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ ಕೊಳವೆಯಲ್ಲಿ 9900 ತುಂಬುವ ವಿದ್ಯೆ ಇನ್ನೂ ಯಾರಿಗೂ ಒಲಿದಿಲ್ಲ. ಪ್ರಾಮಾಣಿಕ ಸೆಲ್ಲುಗಳು ಸಾಮಾನ್ಯವಾಗಿ 2000ದಿಂದ 3500ರ ನಡುವೆ ಇರುತ್ತವೆ. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ: ಒಳ್ಳೆಯ ಸೆಲ್ಲು 45 ಗ್ರಾಂ ಆಸುಪಾಸಿನಲ್ಲಿರುತ್ತದೆ, ಅದಕ್ಕಿಂತ ಬಹಳ ಹಗುರವಾಗಿದ್ದರೆ ಒಳಗೆ ಸರಕೇ ಕಡಿಮೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದಾದರೂ ಆನ್‌ಲೈನಿನಲ್ಲಿ ತರಿಸುವುದಾದರೂ, ಸಾಮರ್ಥ್ಯದ ಜೊತೆಗೆ ಅದು ಸತತವಾಗಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂದು ಕೇಳಿ. 10 ಆಂಪಿಯರ್ ಎಂದಿರುವುದನ್ನು ಆರಿಸಿಕೊಂಡರೆ ನೆಮ್ಮದಿ.

2600 ಮಿಲಿಆಂಪಿಯರ್-ಅವರಿನ ಎರಡು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 7.4 ವೋಲ್ಟಿನಲ್ಲಿ ಸುಮಾರು 19 ವ್ಯಾಟ್-ಅವರ್ ದೊರೆಯುತ್ತದೆ. ಪ್ರತಿ ಸರ್ವೊ ಸರಾಸರಿ 200 ಮಿಲಿಆಂಪಿಯರ್ ಎಳೆದರೆ ಹನ್ನೆರಡಕ್ಕೆ 12 ವ್ಯಾಟ್. ಕನ್ವರ್ಟರಿನ ನಷ್ಟ ಸೇರಿ 14 ಎನ್ನೋಣ. ಸೆಲ್ಲುಗಳನ್ನು ಪೂರ್ತಿ ಬರಿದು ಮಾಡದೆ ನೂರಕ್ಕೆ ಎಂಬತ್ತರಷ್ಟನ್ನು ಬಳಸಿದರೆ ಒಂದು ಗಂಟೆಯ ಮೇಲೆ ಕೆಲವು ನಿಮಿಷ ಬರಬೇಕು. ಮುಕ್ಕಾಲು ಗಂಟೆ ಬಂದರೂ ನಾನು ದೂರುವುದಿಲ್ಲ.

ಒಂದು ಸೆಲ್ಲು ತುಂಬಿದಾಗ 4.2 ವೋಲ್ಟ್, ಅದನ್ನು 3 ವೋಲ್ಟಿಗಿಂತ ಕೆಳಗೆ ಇಳಿಸಿದರೆ ಹಾಳಾಗುತ್ತದೆ. ಬ್ಯಾಟರಿಯ ಪಾಸಿಟಿವ್ ಕಡೆಗೆ 20 ಕಿಲೋಓಮ್, ಗ್ರೌಂಡ್ ಕಡೆಗೆ 10 ಕಿಲೋಓಮ್ ಬರುವಂತೆ ಎರಡು ರೆಸಿಸ್ಟರುಗಳನ್ನು ಸಾಲಾಗಿ ಹಾಕಿ, ನಡುವಿನ ಬಿಂದುವಿನಿಂದ ನಿಯಂತ್ರಕಕ್ಕೆ ವೈರು ಎಳೆದರೆ ಬ್ಯಾಟರಿಯ ವೋಲ್ಟೇಜಿನ ಮೂರನೆಯ ಒಂದು ಪಾಲು ಅಲ್ಲಿ ಸಿಗುತ್ತದೆ. ಬ್ಯಾಟರಿ 6.6 ವೋಲ್ಟಿಗೆ ಬಂದಾಗ ರೋಬೋಟ್ ತಾನಾಗಿ ಕುಳಿತುಕೊಳ್ಳಲಿ. ಇನ್ನೊಂದು ಮಾತು: ಟಿಪಿ4056 ಚಾರ್ಜರ್ ಬೋರ್ಡು ಇರುವುದು ಒಂದೇ ಸೆಲ್ಲಿಗಾಗಿ. ಸಾಲಾಗಿ ಜೋಡಿಸಿದ ಎರಡು ಸೆಲ್ಲುಗಳಿಗೆ 8.4 ವೋಲ್ಟಿನ, ಎರಡನ್ನೂ ಸಮತೋಲನದಲ್ಲಿಡುವ ಚಾರ್ಜರೇ ಬೇಕು.

ಪ್ರಶ್ನೆ: ಮಗನ ರೋಬೋಟನ್ನು ಮಳೆಗಾಲವಿಡೀ ಕಪಾಟಿನಲ್ಲಿಟ್ಟಿದ್ದೆವು. ಈಗ ಒಂದು ಮೊಣಕಾಲು ನಡುಗುತ್ತದೆ, ಇನ್ನೊಂದು ಕಟಕಟ ಎನ್ನುತ್ತದೆ. ಎಲ್ಲ ಸರ್ವೊಗಳನ್ನೂ ಬದಲಿಸಬೇಕೆ? — ಗೃಹಿಣಿ, ಶಿರಸಿ

ಉತ್ತರ: ಬೇಡ. ಕಟಕಟ ಎನ್ನುವ ಕಾಲಿನ ಸರ್ವೊದೊಳಗೆ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದಿದೆ. ವಿದ್ಯುತ್ತು ತೆಗೆದು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಒಂದು ಕಡೆ ಜಾರಿ ಬಿದ್ದಂತೆ ಅನಿಸುತ್ತದೆ. ಅದರ ಬದಲಿಗೆ ಲೋಹದ ಗೇರಿರುವ ಎಂಜಿ90ಎಸ್ ಹಾಕಬಹುದು. ಗಾತ್ರ ಹೆಚ್ಚುಕಡಿಮೆ ಅದೇ, ತೂಕ ಮಾತ್ರ 9 ಗ್ರಾಂ ಬದಲು 13 ಗ್ರಾಮಿಗಿಂತ ತುಸು ಹೆಚ್ಚು. ಹೊಸ ಸರ್ವೊವನ್ನು ಜೋಡಿಸುವ ಮೊದಲು ಅದಕ್ಕೆ ವಿದ್ಯುತ್ತು ಕೊಟ್ಟು 90 ಡಿಗ್ರಿಗೆ ತಂದು, ಅನಂತರವೇ ಅದರ ಜೊತೆಗೆ ಬಂದ ಹಾರ್ನನ್ನು (ಅಚ್ಚಿನ ಮೇಲೆ ಕೂರುವ ಪುಟ್ಟ ತೋಳು) ಕೂರಿಸಬೇಕು. ಹಾರ್ನಿನ ಒಂದು ಹಲ್ಲು ಆಚೀಚೆಯಾದರೆ 17-18 ಡಿಗ್ರಿ ತಪ್ಪುತ್ತದೆ. ಉಳಿಯುವ ಸಣ್ಣ ವ್ಯತ್ಯಾಸವನ್ನು ಪ್ರೋಗ್ರಾಮಿನಲ್ಲಿ ಸರಿಪಡಿಸಬಹುದು.

ನಡುಗುವ ಕಾಲಿಗೆ ಮೂರು ಕಾರಣಗಳಿರಬಹುದು: ಪಿನ್ನುಗಳ ಮೇಲೆ ತೇವದಿಂದ ಬಂದ ಕಿಲುಬು, ಮಡಚುವ ಜಾಗದಲ್ಲಿ ಒಳಗೇ ತುಂಡಾದ ವೈರು, ಅಥವಾ ಸರ್ವೊದೊಳಗೆ ಕೋನವನ್ನು ಅಳೆಯುವ ಪೊಟೆನ್ಷಿಯೊಮೀಟರಿನ ಸವೆತ. ನಡುಗುವ ಸರ್ವೊದ ಪ್ಲಗ್ಗನ್ನು ಬೋರ್ಡಿನ ಮೇಲೆ ಪಕ್ಕದ ಕಾಲಿನದರೊಂದಿಗೆ ಅದಲುಬದಲು ಮಾಡಿಸಿ, ಕಾಲುಗಳನ್ನು ಎತ್ತಿ ಹಿಡಿದು ನೋಡಿ. ನಡುಕ ಬೇರೆ ಕಾಲಿಗೆ ಹೋದರೆ ತಪ್ಪು ಬೋರ್ಡಿನ ಪಿನ್ನುಗಳದ್ದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ. ಅದೇ ಕಾಲಿನಲ್ಲಿ ಉಳಿದರೆ ವೈರನ್ನು ಅಲ್ಲಲ್ಲಿ ಬಾಗಿಸಿ ಪರೀಕ್ಷಿಸಿ, ಆಮೇಲೆ ಸರ್ವೊವನ್ನು ಬದಲಿಸಿ.

ಬಿಚ್ಚಿದ ಮೇಲೆ ತಿರುಪುಗಳನ್ನೆಲ್ಲ ಒಮ್ಮೆ ಬಿಗಿ ಮಾಡಿಸಿ. ನಡೆಯುವ ಯಂತ್ರದಲ್ಲಿ ಪ್ರತಿ ಹೆಜ್ಜೆಯೂ ಒಂದು ಸಣ್ಣ ಸುತ್ತಿಗೆಯ ಪೆಟ್ಟು. ತಿರುಪು ಸಡಿಲವಾಗದಿರಲೆಂದು ಹಚ್ಚುವ ಥ್ರೆಡ್‌ಲಾಕರ್ ದ್ರವ ಹಲವು ಪ್ಲಾಸ್ಟಿಕ್ಕುಗಳನ್ನು ಬಿರುಕು ಬಿಡಿಸುತ್ತದೆ, ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟು ಸಾಕು. ಗ್ರಾನೈಟ್ ನೆಲದಲ್ಲಿ ಜಾರುತ್ತಿದ್ದರೆ ಪಾದಗಳಿಗೆ ಸೈಕಲ್ ಟ್ಯೂಬಿನ ತುಂಡನ್ನು ಅಂಟಿಸಿ.

ಪ್ರಶ್ನೆ: ರೋಬೋಟಿನ ಲಿಥಿಯಂ ಪಾಲಿಮರ್ ಬ್ಯಾಟರಿ ದಿಂಬಿನಂತೆ ಊದಿಕೊಂಡಿದೆ. ಇನ್ನೂ ವಿದ್ಯುತ್ತು ಕೊಡುತ್ತಿದೆ. ಬಳಸಬಹುದೆ? — ಓದುಗರು, ರಾಯಚೂರು

ಉತ್ತರ: ಬಳಸಬೇಡಿ, ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಒಳಗೆ ಅನಿಲ ತುಂಬಿದೆ. ಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಬಹುದು. ತುದಿಗಳಿಗೆ ಒಂದೊಂದಾಗಿ ಟೇಪು ಸುತ್ತಿ, ಒಣ ಮರಳು ತುಂಬಿದ ಲೋಹದ ಡಬ್ಬಿಯಲ್ಲಿಟ್ಟು, ಮನೆಯ ಹೊರಗೆ ನೆರಳಿನಲ್ಲಿ ಇರಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆ ತಯಾರಕರದ್ದು, ಕಸದ ಗುಂಡಿಗೆ ಹಾಕುವಂತಿಲ್ಲ.

ನಿಮ್ಮ ಊರಿನ ಬಿಸಿಲಿನಲ್ಲಿ, ಪೂರ್ತಿ ತುಂಬಿದ ಬ್ಯಾಟರಿಯನ್ನು ವಾರಗಟ್ಟಲೆ ಸುಮ್ಮನೆ ಇಟ್ಟಿದ್ದೇ ಊತಕ್ಕೆ ಕಾರಣವಾಗಿರಬಹುದು. ಮುಂದಿನ ಬ್ಯಾಟರಿಯನ್ನು ಎರಡು ಮೂರು ದಿನಕ್ಕಿಂತ ಹೆಚ್ಚು ಕಾಲ ಬಳಸದೆ ಇಡುವುದಾದರೆ ಪ್ರತಿ ಸೆಲ್ಲಿಗೆ 3.8 ವೋಲ್ಟಿನ ಮಟ್ಟಕ್ಕೆ ತಂದು, ರೋಬೋಟಿನಿಂದ ಬಿಚ್ಚಿ, ಮನೆಯ ತಂಪಾದ ಮೂಲೆಯಲ್ಲಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚಿನ ಆಚೆಗೆ ನೇರವಾಗಿ ಬ್ಯಾಟರಿಗೇ ಕಟ್ಟಿರುವ ವೋಲ್ಟೇಜ್ ಅಳೆಯುವ ರೆಸಿಸ್ಟರುಗಳು, ಸೂಚಕ ದೀಪಗಳು ತಿಂಗಳುಗಟ್ಟಲೆ ತೊಟ್ಟು ತೊಟ್ಟಾಗಿ ಹೀರುತ್ತಲೇ ಇರುತ್ತವೆ.